ಸರ್ಕಾರಿ ಆಸ್ಪತ್ರೆಯಲ್ಲಿ ಕರ್ತವ್ಯಲೋಪವಾದರೆ ಎಲ್ಲಿಗೆ ಹೋಗಬೇಕು?

ಸರ್ಕಾರಿ ಆಸ್ಪತ್ರೆಯ ಮೇಲೂ ಪರಿಹಾರ ಕೇಳಿ ದಾವೆ ಹೂಡಬಹುದು. ಹೈದರಾಬಾದಿನ ನಿಮ್ಸ್, ಅಂದರೆ ನಿಜಾಮ್ಸ್ ವೈದ್ಯಕೀಯ ವಿಜ್ಞಾನ ಸಂಸ್ಥೆ, ರಾಜ್ಯ ಕಾಯ್ದೆಯಡಿ ಸ್ಥಾಪನೆಯಾದದ್ದು. 1990ರಲ್ಲಿ ಅಲ್ಲಿ ಎಂಜಿನಿಯರಿಂಗ್ ವಿದ್ಯಾರ್ಥಿಯೊಬ್ಬರು ರೋಗ ಪತ್ತೆಯ ಬಯಾಪ್ಸಿಗೆ ಮಾತ್ರ ಒಪ್ಪಿಗೆ ಕೊಟ್ಟಿದ್ದರು. ವೈದ್ಯರು ಎದೆಯ ಗಡ್ಡೆಯನ್ನೇ ತೆಗೆದರು. ಅವರ ಕಾಲುಗಳು ಸ್ವಾಧೀನ ಕಳೆದುಕೊಂಡವು. ಗಡ್ಡೆ ತೆಗೆಯಲು ಒಪ್ಪಿಗೆ ಪಡೆದಿರಲಿಲ್ಲ, ನರಶಸ್ತ್ರ ತಜ್ಞರನ್ನೂ ಜೊತೆಗೆ ಕರೆದಿರಲಿಲ್ಲ. 2009ರಲ್ಲಿ ಸುಪ್ರೀಂ ಕೋರ್ಟ್ 1 ಕೋಟಿ ರೂಪಾಯಿ ಪರಿಹಾರ ನೀಡಿತು.

ಯಾವ ಸಂದರ್ಭದಲ್ಲಿ ಎಲ್ಲಿಗೆ?

• ಕೆಲವು ರೋಗಿಗಳಿಂದಲಾದರೂ ಚಿಕಿತ್ಸಾ ಶುಲ್ಕ ಪಡೆಯುವ ಆಸ್ಪತ್ರೆ: ಗ್ರಾಹಕ ಆಯೋಗಕ್ಕೆ 2 ವರ್ಷದೊಳಗೆ ದೂರು ಕೊಡಿ. ಅಲ್ಲಿ ಉಚಿತ ಚಿಕಿತ್ಸೆ ಪಡೆದವರಿಗೂ ಈ ಹಕ್ಕಿದೆ.

• ಎಲ್ಲರಿಗೂ ಉಚಿತವಾಗಿರುವ ಆಸ್ಪತ್ರೆ: ಸಿವಿಲ್ ನ್ಯಾಯಾಲಯಕ್ಕೆ ಹೋಗಬೇಕು. ಓಪಿಡಿ ಚೀಟಿಯ ಅಲ್ಪ ಹಣ ಶುಲ್ಕವೆನಿಸುವುದಿಲ್ಲ. ಸರ್ಕಾರದ ಮೇಲೆ ದಾವೆ ಹೂಡುವ 2 ತಿಂಗಳ ಮೊದಲು ಸಾಮಾನ್ಯವಾಗಿ ನೋಟಿಸ್ ಕೊಡಬೇಕು.

• ತುರ್ತು ಚಿಕಿತ್ಸೆ ನಿರಾಕರಿಸಿದರೆ: ಹೈಕೋರ್ಟಿಗೆ ರಿಟ್ ಅರ್ಜಿ ಸಲ್ಲಿಸಬಹುದು. ಇದು ಜೀವಿಸುವ ಹಕ್ಕಿನ ಉಲ್ಲಂಘನೆ ಎಂದು ಸುಪ್ರೀಂ ಕೋರ್ಟ್ 1996ರಲ್ಲೇ ಹೇಳಿದೆ.

ಮೊದಲು ಚಿಕಿತ್ಸಾ ದಾಖಲೆಗಳನ್ನು ಲಿಖಿತವಾಗಿ ಕೇಳಿ. 72 ಗಂಟೆಯೊಳಗೆ ಕೊಡಬೇಕೆಂಬ ನಿಯಮವಿದೆ. ಒಪ್ಪಿಗೆ ಪತ್ರ, ಔಷಧ ಚೀಟಿ, ಬಿಲ್ಲುಗಳನ್ನು ಜೋಪಾನವಾಗಿಡಿ. ಮಹಿಳೆಯರು, ಅಂಗವಿಕಲರು, ಪರಿಶಿಷ್ಟರು ಹಾಗೂ ಕಡಿಮೆ ಆದಾಯದವರಿಗೆ ಉಚಿತ ಕಾನೂನು ನೆರವಿದೆ: 15100ಕ್ಕೆ ಕರೆಮಾಡಿ.