ಆಟಿಸಂ ಇರುವ ವಿದ್ಯಾರ್ಥಿಗೆ ಉದ್ಯೋಗ ಸಂದರ್ಶನದ ತಯಾರಿ

ಆಟಿಸಂ (ಸ್ವಲೀನತೆ) ರೋಗವಲ್ಲ, ಮಿದುಳಿನ ಬೆಳವಣಿಗೆಯಲ್ಲಿರುವ ಭಿನ್ನತೆ. ಇದಿರುವ ಹಲವರು ಪದವಿಯವರೆಗೂ ಚೆನ್ನಾಗಿ ಓದುತ್ತಾರೆ. ಆದರೆ ಸಂದರ್ಶನದಲ್ಲಿ ಎಡವುತ್ತಾರೆ. ಮುಖ ನೋಡಿ ಮಾತನಾಡುವುದು, ಪ್ರಶ್ನೆಯ ಹಿಂದಿನ ಉದ್ದೇಶ ಊಹಿಸುವುದು, ತಡವರಿಸದೆ ಉತ್ತರಿಸುವುದು ಅಲ್ಲಿ ಲೆಕ್ಕಕ್ಕೆ ಬರುತ್ತವೆ. ಕೆಲಸ ಬಲ್ಲವರೂ ಇದರಿಂದ ಅವಕಾಶ ಕಳೆದುಕೊಳ್ಳಬಹುದು. ಯಾರೂ ಬಾಯಿಬಿಟ್ಟು ಹೇಳದ ಈ ನಿಯಮಗಳನ್ನು ಬಿಡಿಸಿ ಹೇಳಿಕೊಡುವುದೇ ಮನೆಯವರ ಮತ್ತು ಅಧ್ಯಾಪಕರ ಮುಖ್ಯ ಕೆಲಸ.

ಪ್ರಶ್ನೆಯ ಅರ್ಥ

"ಐದು ವರ್ಷದ ನಂತರ ನೀವು ಎಲ್ಲಿರುತ್ತೀರಿ?" ಎಂದು ಕೇಳಿದರೆ "ಕಾಸರಗೋಡಿನಲ್ಲಿ" ಎಂಬ ಉತ್ತರ ಬರಬಹುದು. ಅವರು ಕೇಳುತ್ತಿರುವುದು ಊರನ್ನಲ್ಲ, ಕೆಲಸದಲ್ಲಿ ಏನು ಕಲಿಯಬೇಕೆಂದಿದ್ದೀರಿ ಎಂಬುದನ್ನು. "ನಿಮ್ಮ ಬಗ್ಗೆ ಹೇಳಿ" ಎಂದರೆ ಓದು, ತಿಳಿದಿರುವ ಕೆಲಸ, ಈ ಉದ್ಯೋಗ ಏಕೆ ಬೇಕು ಎಂಬ ಮೂರು ವಿಷಯ ಸಾಕು. ಇಂತಹ ಹತ್ತು ಪ್ರಶ್ನೆಗಳನ್ನು ಅರ್ಥದೊಂದಿಗೆ ಬರೆದು ಕೊಡಿ. ಉತ್ತರ ವಿದ್ಯಾರ್ಥಿಯದೇ ಆಗಿರಲಿ. ಬಾಯಿಪಾಠ ಮಾಡಿಸಿದರೆ ಪ್ರಶ್ನೆ ಸ್ವಲ್ಪ ಬದಲಾದರೂ ಕಷ್ಟ.

ಅಭ್ಯಾಸ

ಮೊದಲು ಮನೆಯವರೊಡನೆ, ನಂತರ ಹೆಚ್ಚು ಪರಿಚಯವಿಲ್ಲದವರೊಡನೆ ಅಭ್ಯಾಸ ಮಾಡಿಸಿ. ಸಂದರ್ಶನ ನಡೆಯುವ ಭಾಷೆಯಲ್ಲೇ ಅಭ್ಯಾಸ ನಡೆಯಬೇಕು. ಮನೆಮಾತು ತುಳುವೋ ಕನ್ನಡವೋ ಇದ್ದು, ಕಾಞಂಗಾಡಿನಲ್ಲಿ ಮಲಯಾಳದಲ್ಲಿಯೂ ಮಂಗಳೂರಿನಲ್ಲಿ ಇಂಗ್ಲಿಷಿನಲ್ಲಿಯೂ ಕೇಳುವುದಿದ್ದರೆ ಎರಡಕ್ಕೂ ಬೇರೆ ಬೇರೆ ತಯಾರಿ ಬೇಕು.

"ಸ್ವಲ್ಪ ಯೋಚಿಸಿ ಹೇಳುತ್ತೇನೆ", "ಪ್ರಶ್ನೆ ಅರ್ಥವಾಗಲಿಲ್ಲ, ಇನ್ನೊಮ್ಮೆ ಹೇಳುತ್ತೀರಾ?" ಎಂಬ ಎರಡು ಮಾತುಗಳನ್ನು ರೂಢಿ ಮಾಡಿಸಿ. ಕಣ್ಣಿಗೆ ಕಣ್ಣು ಕೊಡಲೇಬೇಕೆಂದು ಒತ್ತಾಯ ಬೇಡ. ಅದರಿಂದ ಕೆಲವರಿಗೆ ಮಾತೇ ಹೊರಡದು. ಹಿಂದಿನ ದಿನವೇ ಅದೇ ಬಸ್ಸಿನಲ್ಲಿ ಹೋಗಿ ಕಚೇರಿ ನೋಡಿಕೊಂಡು ಬಂದರೆ ಗಾಬರಿ ಕಡಿಮೆ.

ಮೊದಲೇ ತಿಳಿಸುವುದು

ಆಟಿಸಂ ಇದೆಯೆಂದು ಹೇಳುವುದೋ ಬಿಡುವುದೋ ವಿದ್ಯಾರ್ಥಿಯೇ ತೀರ್ಮಾನಿಸಬೇಕು. ಹೇಳುವುದಾದರೆ ಅರ್ಜಿಯೊಂದಿಗೆ ಎರಡು ಸಾಲು ಸಾಕು: "ನನಗೆ ಆಟಿಸಂ ಇದೆ. ಪ್ರಶ್ನೆಗಳನ್ನು ಒಂದೊಂದಾಗಿ ಕೇಳಿ, ಬೇಕಾದಾಗ ಬರೆದು ತೋರಿಸಿದರೆ ಉತ್ತರಿಸಲು ಅನುಕೂಲ."

ಮಾತಿನ ಬದಲು ಕೆಲಸ ಮಾಡಿಸಿ ನೋಡಿ ಎಂದೂ ಕೇಳಬಹುದು. 2004ರಲ್ಲಿ ಡೆನ್ಮಾರ್ಕಿನಲ್ಲಿ ಆರಂಭವಾದ ಸ್ಪೆಷಲಿಸ್ಟರ್ನ ಸಂಸ್ಥೆ, ಲೆಗೋ ರೋಬೋಟ್ ಜೋಡಿಸುವಂತಹ ಕೆಲಸ ಕೊಟ್ಟು ಅಭ್ಯರ್ಥಿಗಳ ಸಾಮರ್ಥ್ಯ ಅಳೆಯಿತು. ಭಾರತ ಮತ್ತು ಐರ್ಲೆಂಡಿನಲ್ಲಿ ಪ್ರಯೋಗ ನಡೆಸಿದ್ದ ಸ್ಯಾಪ್ ಕಂಪೆನಿ 2013ರಲ್ಲಿ ಈ ಸಂಸ್ಥೆಯ ಜೊತೆಗೂಡಿ ಆಟಿಸಂ ಇರುವವರನ್ನು ನೇಮಿಸಿಕೊಳ್ಳುವ ಯೋಜನೆ ಪ್ರಕಟಿಸಿತು.

ಕಾನೂನು ಏನು ಹೇಳುತ್ತದೆ?

2016ರ ಅಂಗವಿಕಲ ವ್ಯಕ್ತಿಗಳ ಹಕ್ಕುಗಳ ಕಾಯ್ದೆಯಲ್ಲಿ ಆಟಿಸಂ ಸೇರಿದೆ. ಶೇ. 40 ಅಥವಾ ಹೆಚ್ಚಿನ ವೈಕಲ್ಯದ ಪ್ರಮಾಣಪತ್ರ ಇರುವವರಿಗೆ ಸರಕಾರಿ ಹುದ್ದೆಗಳಲ್ಲಿ ಶೇ. 4 ಮೀಸಲಾತಿ ಇದೆ. ಅದರಲ್ಲಿ ಶೇ. 1 ಆಟಿಸಂ, ಬೌದ್ಧಿಕ ವೈಕಲ್ಯ, ಕಲಿಕಾ ವೈಕಲ್ಯ, ಮಾನಸಿಕ ಅಸ್ವಸ್ಥತೆ ಮತ್ತು ಬಹುವಿಧ ವೈಕಲ್ಯ ಇರುವವರಿಗೆ ಒಟ್ಟಾಗಿ ಸೇರಿದ್ದು. ಸರಕಾರಿ ಸಂಸ್ಥೆಗಳು ಅಂಗವಿಕಲ ನೌಕರರಿಗೆ ಸೂಕ್ತ ಅನುಕೂಲಗಳನ್ನೂ ಒದಗಿಸಬೇಕು.

ಗಡಿನಾಡಿನವರು ಗಮನಿಸಬೇಕಾದ ಅಂಶ: ಈ ಕಾಯ್ದೆಯಡಿ ಕೊಟ್ಟ ಪ್ರಮಾಣಪತ್ರ ದೇಶದಾದ್ಯಂತ ಸಿಂಧು. ಕೇರಳದಲ್ಲಿ ಪಡೆದದ್ದನ್ನು ಕರ್ನಾಟಕದಲ್ಲೂ ತೋರಿಸಬಹುದು. ಆದರೆ ರಾಜ್ಯ ಸರಕಾರದ ಹುದ್ದೆಗಳಿಗೆ ಭಾಷೆ ಮತ್ತು ವಾಸದ ನಿಬಂಧನೆಗಳಿವೆಯೇ ಎಂದು ಆಯಾ ಅಧಿಸೂಚನೆಯಲ್ಲಿ ನೋಡಿಕೊಂಡೇ ಅರ್ಜಿ ಹಾಕಿ.

ಸಂದರ್ಶನ ಮುಗಿದ ದಿನವೇ ಯಾವ ಪ್ರಶ್ನೆಗೆ ತೊಡಕಾಯಿತೆಂದು ಕೇಳಿ ಬರೆದಿಡಿ. ಕೆಲಸ ಸಿಗದಿದ್ದರೆ ಮುಂದಿನ ಅಭ್ಯಾಸ ಅಲ್ಲಿಂದಲೇ ಆರಂಭವಾಗಲಿ.