ಹಿಟ್ಲರ್ ಆಡದ ಮಾತು

ಅಮೆರಿಕದಲ್ಲಿ ಬಂದೂಕು ನಿಯಂತ್ರಣದ ಚರ್ಚೆ ಎದ್ದಾಗಲೆಲ್ಲ ಹಿಟ್ಲರನ ಹೆಸರಿನ ಒಂದು ಮಾತು ತೇಲಿಬರುತ್ತದೆ. ನಾಗರಿಕ ದೇಶವೊಂದು ಮೊದಲ ಬಾರಿಗೆ ಎಲ್ಲ ಬಂದೂಕುಗಳನ್ನೂ ನೋಂದಾಯಿಸಿದೆ, ಇನ್ನು ಜಗತ್ತೇ ನಮ್ಮ ದಾರಿ ಹಿಡಿಯಲಿದೆ ಎಂದು 1935ರಲ್ಲಿ ಅವನು ಬೀಗಿದನಂತೆ.

ಇದಕ್ಕೆ ಆಧಾರವನ್ನೂ ಕೊಡುತ್ತಾರೆ: 1935ರ ಏಪ್ರಿಲ್ 15ರ ‘ಬರ್ಲಿನ್ ಡೈಲಿ’, 3ನೇ ಪುಟ, ಬರೆದವರು ‘ಐನ್‌ಲೈಟುಂಗ್ ಫಾನ್ ಎಬರ್‌ಹಾರ್ಡ್ ಬೆಕ್‌ಮನ್’. ಜರ್ಮನ್ ಬಲ್ಲವರಿಗೆ ಇಲ್ಲೇ ನಗು ಬರುತ್ತದೆ. ‘ಐನ್‌ಲೈಟುಂಗ್ ಫಾನ್’ ಎಂದರೆ ‘ಮುನ್ನುಡಿ ಬರೆದವರು’ ಎಂದರ್ಥ. ಯಾವುದೋ ಪುಸ್ತಕದ ಮೊದಲ ಪುಟದ ಪದಗಳು ವರದಿಗಾರನ ಹೆಸರಾಗಿ ಕೂತಂತಿವೆ. ಜರ್ಮನ್ ಪತ್ರಿಕೆಗೆ ಇಂಗ್ಲಿಷ್ ಹೆಸರು ಬೇರೆ!

1935ರಲ್ಲಿ ಅಂಥ ಕಾಯ್ದೆಯೇ ಬರಲಿಲ್ಲ. ಬಂದೂಕಿಗೆ ಪರವಾನಗಿಯ ಕಾಯ್ದೆ ತಂದದ್ದು 1928ರಲ್ಲಿ, ಹಿಟ್ಲರನಿಗಿಂತ ಮುಂಚಿನ ವೈಮಾರ್ ಸರ್ಕಾರ. 1938ರ ಮಾರ್ಚ್‌ನಲ್ಲಿ ನಾಜಿಗಳು ಅದನ್ನು ಬಹುಮಂದಿಗೆ ಸಡಿಲಿಸಿದರು. ಉದ್ದ ನಳಿಗೆಯ ಕೋವಿ ಕೊಳ್ಳಲು ಪರವಾನಗಿ ಬೇಡವಾಯಿತು; ವಯೋಮಿತಿ 20ರಿಂದ 18ಕ್ಕೆ ಇಳಿಯಿತು.

ಹಾಗೆಂದು ನಾಜಿಗಳು ಯಾರ ಆಯುಧವನ್ನೂ ಮುಟ್ಟಲಿಲ್ಲ ಎನ್ನುವುದೂ ತಪ್ಪು. ಅದೇ ವರ್ಷ ನವೆಂಬರ್ 9ರ ರಾತ್ರಿ ಯಹೂದಿಗಳ ಮನೆ, ಅಂಗಡಿ, ಪ್ರಾರ್ಥನಾ ಮಂದಿರಗಳ ಮೇಲೆ ದಾಳಿ ಶುರುವಾಯಿತು. 11ರಂದು ಹೊರಟ ಆದೇಶದಂತೆ ಯಹೂದಿಗಳು ಬಂದೂಕು ಮಾತ್ರವಲ್ಲ, ದೊಣ್ಣೆ, ಚೂರಿಯಂಥ ಆಯುಧವನ್ನೂ ಇಟ್ಟುಕೊಳ್ಳುವಂತಿರಲಿಲ್ಲ. ಆದೇಶಕ್ಕೆ ಕಾಯದೆ, ದಾಳಿಗೆ ಮುಂಚಿನ ಕೆಲವೇ ವಾರಗಳಲ್ಲಿ ಬರ್ಲಿನ್ ಪೊಲೀಸರು ನಗರದ ಯಹೂದಿಗಳಿಂದ 1,702 ಬಂದೂಕು, 2,569 ಇರಿಯುವ ಆಯುಧ, ಸುಮಾರು 20,000 ಗುಂಡುಗಳನ್ನು ವಶಪಡಿಸಿಕೊಂಡಿದ್ದರು.