ಹಿಟ್ಟಿನ ಚೀಲದ ಅಂಗಿಗಳು

ಅಮೆರಿಕಾ ಸಂಯುಕ್ತ ಸಂಸ್ಥಾನಗಳಲ್ಲಿ ಪೂರ್ವದಲ್ಲಿ ಹಿಟ್ಟನ್ನು ಮರದ ಪೀಪಾಯಿಗಳಲ್ಲಿ ತುಂಬುತ್ತಿದ್ದರು. 1846ರಲ್ಲಿ ಇಲಿಯಾಸ್ ಹೌ ಎಂಬಾತನು ಹೊಲಿಗೆಯ ಯಂತ್ರಕ್ಕೆ ಹಕ್ಕುಪತ್ರ ಪಡೆದ ತರುವಾಯ, ಗಟ್ಟಿ ಹೊಲಿಗೆಯ ಹತ್ತಿಚೀಲವು ಕ್ರಮೇಣ ಆ ಸ್ಥಾನಕ್ಕೆ ಬಂದಿತು. ಬರಿದಾದ ಚೀಲವನ್ನು ಬಿಸಾಡಲು ರೈತರ ಹೆಂಡಿರಿಗೆ ಮನಸ್ಸೆಲ್ಲಿಂದ ಬರಬೇಕು? ಬಿಚ್ಚಿ, ಒಗೆದು, ಮಕ್ಕಳಿಗೆ ಅಂಗಿಯನ್ನೂ ತಮಗೆ ಕುಪ್ಪಸವನ್ನೂ ಹೊಲಿದರು. ನೂರು ಪೌಂಡಿನ ಚೀಲವೊಂದರಿಂದ ಗಜಕ್ಕೆ ತುಸು ಮೇಲ್ಪಟ್ಟು ಬಟ್ಟೆ ದೊರೆಯುತ್ತಿದ್ದಿತು. ಗಿರಣಿಯ ಮುದ್ರೆಯನ್ನು ತೊಳೆಯುವುದೇ ಕಷ್ಟ. ಅದು ಅಳಿಯದಿದ್ದರೆ ಮನೆಯ ಬಡತನವನ್ನು ಮಗುವಿನ ಬೆನ್ನಿನ ಮೇಲೆ ಊರೆಲ್ಲ ಓದಬಹುದಾಗಿದ್ದಿತು.

1929ರ ತರುವಾಯದ ಆರ್ಥಿಕ ಮುಗ್ಗಟ್ಟಿನಲ್ಲಿ ಈ ಹೊಲಿಗೆಯು ಹೆಚ್ಚಿತು. ಗಿರಣಿಯವರು, ಕರುಣೆಗಿಂತಲೂ ವ್ಯಾಪಾರದ ಪೈಪೋಟಿಯಿಂದಲೇ, ಹೂಬಳ್ಳಿಯ ಚೀಲಗಳನ್ನೂ ನೀರಿಗೆ ಬಿಡುವ ಶಾಯಿಯನ್ನೂ ಬಳಕೆಗೆ ತಂದರು. ಅಂಗಡಿಗೆ ಹೋದ ಯಜಮಾನನು, ಅರ್ಧ ಹೊಲಿದ ಕುಪ್ಪಸಕ್ಕೆ ಹೊಂದುವ ಚೀಲವನ್ನು ಅಟ್ಟಿಯ ತಳದಿಂದ ಎಳೆಸಬೇಕಾಗುತ್ತಿದ್ದಿತು. ಎರಡನೆಯ ಮಹಾಯುದ್ಧವು ಮುಗಿದ ಕೆಲವು ವರ್ಷಗಳಲ್ಲಿ ಅಗ್ಗದ ಕಾಗದದ ಚೀಲಗಳು ಬಂದವು.